ದನಿ ಇಲ್ಲದ ಮಗ್ಗಲು

ಇನ್ನು ಮೇಲೆ ಯಾವ ಹೆಣದ ಮುಂದೆಯೂ ಹಾಡುವುದಿಲ್ಲ ಎಂದು ದುಂಡಪ್ಪ ತನ್ನ ಅಪ್ಪ ಶಟ್ಟೆಪ್ಪನಿಗೆ ಮಾತು ಕೊಟ್ಟು ಇಪ್ಪತ್ತೊಂದು ವರ್ಷವಾಗಿತ್ತು. ಆಗ ಅವನಿಗೆ ಹದಿಮೂರು. ಮಾತು ಕೊಟ್ಟದ್ದು ಮಲಪ್ರಭಾ ಹೊಳೆಯಲ್ಲಿ, ಮೊಣಕಾಲುಮಟ ನೀರಿನಲ್ಲಿ ನಿಂತು. ಅಪ್ಪ ಬುದ್ಧನ ದೀಕ್ಷೆ ತಗೊಂಡು ಬಂದ ಮಾರನೆಯ ಮುಂಜಾನೆ ಅದು. ಮೂರು ತಲೆಮಾರು ಬಾರಿಸಿದ ಹಲಗಿಯನ್ನು ನೀರಿಗೆ ಬಿಟ್ಟ ಅಪ್ಪ, ಅದು ಮುಳುಗದೆ ಊಟದ ತಾಟಿನ ಹಾಗೆ ತೇಲಿಕೊಂಡು ಹೋಗುವುದನ್ನು ನೋಡಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ನಾ ಸತ್ತರೂ ಹಾಡಬ್ಯಾಡ. ಮಾತ ಕೊಡು" ಎಂದ. ಹುಡುಗ ತನ್ನ ಒದ್ದೆ ಕೈಯನ್ನು ಅಪ್ಪನ ಒದ್ದೆ ಕೈ ಮೇಲೆ ಇಟ್ಟ. ಆರು ವರ್ಷದ ಹಿಂದೆ ಅಪ್ಪ ಸತ್ತಾಗ ಓಣಿಯ ಹಿರಿಯರೆಲ್ಲ ಅಂಗಳದಲ್ಲಿ ಕೂತು ಅವನ ಮೋರೆ ನೋಡಿದರು, ಒಂದು ಸೊಲ್ಲಾದರೂ ಎತ್ತಿಯಾನು ಎಂದು. ಅವನು ಹಲ್ಲು ಕಚ್ಚಿ ಕೂತ. ಎಂಥಾ ಕಲ್ಲು ಮನಸಿನ ಮಗ ಎಂದು ಹೆಂಗಸರು ಆಡಿಕೊಂಡರು, ಅದನ್ನೂ ತಡೆದುಕೊಂಡ. ಹೆಂಡತಿ ಬಾಯವ್ವನಿಗೆ ಕೊಟ್ಟ ಮಾತುಗಳು, ಮಗಳು ಕೃಷ್ಣವ್ವನಿಗೆ ಕೊಟ್ಟವು, ತನಗೆ ತಾನೇ ಕೊಟ್ಟುಕೊಂಡವು ಎಲ್ಲ ಎಲ್ಲೆಲ್ಲೋ ಸವೆದು ಹೋಗಿದ್ದವು. ಇದೊಂದೇ ಬಿರುಕಿಲ್ಲದೆ ಉಳಿದದ್ದು ಎಂದು ಅವನಿಗೆ ಗೊತ್ತಿತ್ತು.

ಆ ಶನಿವಾರ ಮುಂಜಾನೆ ಅವನು ಸೈಕಲ್ ತುಳಿಯುತ್ತ ಹಾಡಿಕೊಳ್ಳುತ್ತಲೇ ಬಂದ. ಎಮರ್ಜನ್ಸಿ ಮುಗಿದ ಮರುವರ್ಷ, ಚಳಿ ಹಿಂದೆಗೆಯುವ ದಿನಗಳು. ಅವನ ಓಣಿಯಿಂದ ಮುನವಳ್ಳಿಯ ಹೊರಗೆ ಕಾಲುವೆ ದಂಡೆಯ ತರಬೇತಿ ಕೇಂದ್ರಕ್ಕೆ ಎರಡು ಮೈಲಿ. ಡ್ಯಾಮಿನ ನೀರು ಹೊಲಕ್ಕೆ ಬಂದ ಮೇಲೆ ರೈತರಿಗೆ ಕೈಯಿಂದ ನಡೆಸುವ ಸಣ್ಣ ಟ್ರ್ಯಾಕ್ಟರು ಕಲಿಸಲೆಂದು ತೆರೆದ ಕೇಂದ್ರ ಅದು, ದುಂಡಪ್ಪ ಅಲ್ಲಿಯ ಮೆಕ್ಯಾನಿಕ್. ಯಂತ್ರಗಳ ಬೆನ್ನಿಗೆ ಜಪಾನಿನಿಂದ ಬಂದವನು ಹಿರಾನೋ, ಐವತ್ತು ದಾಟಿದ ಒಣಕಲು ಮನುಷ್ಯ. ಮೂರು ತಿಂಗಳಿದ್ದು ಸೋಮವಾರ ಹೊರಡುವವನಿದ್ದ. ಇವತ್ತು ಸಂಜೆ ಅವನಿಗೆ ಬೀಳ್ಕೊಡುಗೆ. ಆ ಬೀಳ್ಕೊಡುಗೆಯಲ್ಲಿ ದುಂಡಪ್ಪ ಒಂದು ಜಪಾನೀ ಹಾಡು ಹಾಡುವವನಿದ್ದ. ಬಾಯವ್ವ ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿ ಇಸ್ತ್ರಿ ಮಾಡಿ ಕೊಟ್ಟು, ಮದಿವಿ ಗಂಡಾಗಿ ಹೊಂಟ್ರಿ ನೋಡ್ರಿ, ಹೆಣ್ಣ ಎಲ್ಲಿಯದೋ ಏನೋ ಎಂದು ನಕ್ಕು ಕಳಿಸಿದ್ದಳು. ಎದುರುಗಾಳಿಗೆ ಹಾಡು ಗಂಟಲೊಳಗೇ ತಿರುಗಿ ಬರುತ್ತಿತ್ತು. ಎಲ್ಲಿ ಉಸಿರು ತಗೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲವೂ ಪೆಡಲಿನ ಲೆಕ್ಕಕ್ಕೆ ಕೂತಿತ್ತು.

ಗೇಟಿನಲ್ಲಿ ಕಾವಲಿನ ಕಾಡಪ್ಪ ಇರಲಿಲ್ಲ. ಎಲ್ಲೋ ಚಹಾಕ್ಕೆ ಹೋಗಿರಬೇಕು ಎಂದುಕೊಂಡು ಸೈಕಲ್ ಗೋಡೆಗೆ ಆನಿಸಿ ಹಾಲಿನ ಬಾಗಿಲಿಗೆ ಬಂದ. ನಿನ್ನೆ ತಾವೇ ಅಂಟಿಸಿದ ಬಣ್ಣದ ಕಾಗದದ ಸರಗಳು ಫ್ಯಾನಿನಿಂದ ಫ್ಯಾನಿಗೆ ತೂಗಾಡುತ್ತಿದ್ದವು. ಬೆಂಚುಗಳು ಸಾಲಾಗಿದ್ದವು. ಮುಂದೆ, ಮೈಕು ಮತ್ತು ಟೇಪ್‌ರಿಕಾರ್ಡರ್ ಇಟ್ಟ ಮೇಜಿನ ಪಕ್ಕದ ತೋಳಿನ ಕುರ್ಚಿಯಲ್ಲಿ ಹಿರಾನೋ ಕೂತಿದ್ದ. ಬಿಳಿ ಅಂಗಿ, ಮೇಲೆ ಬೂದು ಕೋಟು, ಕನ್ನಡಕ. ಕಣ್ಣು ಮುಚ್ಚಿದ್ದವು. ಹಾಡು ಕೇಳುವಾಗ ಅವನು ಯಾವಾಗಲೂ ಹಾಗೇ ಕಣ್ಣು ಮುಚ್ಚಿ ಕೂಡುತ್ತಿದ್ದ, ಆದ್ದರಿಂದ ದುಂಡಪ್ಪನಿಗೆ ಏನೂ ಬೇರೆ ಅನ್ನಿಸಲಿಲ್ಲ. ಸಾಹೇಬರು ಮುಂಜಾನೆಯೇ ತಯಾರಾಗಿ ಪರೀಕ್ಷೆ ತಗೊಳ್ಳಲು ಕೂತಿದ್ದಾರೆ ಎಂದುಕೊಂಡ. ಒಳಗೆ ನಗು ಬಂತು. ಬಾಗಿಲಲ್ಲೇ ನಿಂತು, ಅವನೇ ಕಲಿಸಿದ ಹಾಗೆ ಗದ್ದವನ್ನು ಮೂರು ಸಲ ಆಡಿಸಿ ಲೆಕ್ಕ ಹಿಡಿದು, ದನಿ ಎತ್ತಿದ. ಖಾಲಿ ಹಾಲಿನಲ್ಲಿ ದನಿ ಅವನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಏರಿತು, ತಗಡಿನ ಮಾಡಿಗೆ ತಾಗಿ ಇಳಿಯಿತು. ಮೊದಲ ಚರಣ ಪೂರಾ ಹಾಡಿದ. ಎಲ್ಲಿಯೂ ತಪ್ಪಲಿಲ್ಲ. ಹೆಂಗಾತ್ರಿ ಸಾಹೇಬ್ರ ಎಂದು ಕೇಳುತ್ತ ನಾಲ್ಕು ಹೆಜ್ಜೆ ಮುಂದೆ ಬಂದಾಗ ಒಂದು ನೊಣ ಹಿರಾನೋನ ಕೆಳದುಟಿಯ ಮೇಲೆ ಕೂತಿತ್ತು. ಅದು ತುಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಯಿತು. ತುಟಿ ಅಲುಗಲಿಲ್ಲ.

ಹಿಂದಿನಿಂದ ಅಡಿಗೆಯ ಸಾವಂತ್ರೆವ್ವ, ಕೈಯಲ್ಲಿ ಹರಿದ ಬಿಳಿ ಬಟ್ಟೆಯ ಪಟ್ಟಿ ಹಿಡಿದು, ಬಹಳ ಸಣ್ಣ ದನಿಯಲ್ಲಿ ಹೇಳಿದಳು: "ತಮ್ಮಾ, ಹೋಗ್ಯಾರೋ ಅವರು."

ಎಲ್ಲಿಗೆ ಎಂದು ಅವನು ಕೇಳಿದ. ಹಾಗೆ ಕೇಳಿದ್ದು ಆಮೇಲೆ ಇಡೀ ದಿನ ಅವನ ಕಿವಿಯಲ್ಲಿ ಉಳಿಯಿತು. ಸಾವಂತ್ರೆವ್ವ ಕುರ್ಚಿಯ ಹಿಂದೆ ಹೋಗಿ ಆ ಪಟ್ಟಿಯನ್ನು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು. ಬೆಳಕು ಹರಿಯುವ ಹೊತ್ತಿಗೆ ಚಹಾ ಕೊಟ್ಟಳಂತೆ. ಅರ್ಧ ಕುಡಿದು ಬಸಿಯನ್ನು ಕಟ್ಟೆಯ ಮೇಲೆ ಹುಷಾರಾಗಿ ಇಟ್ಟು, ಎದೆಯ ಮೇಲೆ ಕೈ ಇಟ್ಟುಕೊಂಡು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಊರ ಡಾಕ್ಟರು ಮೋಟರ್‌ಸೈಕಲ್ ಮೇಲೆ ಬಂದು ನೋಡಿ, ಎದೆ ನಿಂತೈತಿ ಎಂದು ಹೇಳಿ ಹೋದರು. ಸೂಪರಿಂಟೆಂಡೆಂಟ್ ಹಣಮಂತಪ್ಪ ಸಾಹೇಬರು ತಾವೇ ನಿಂತು ಮೈ ತೊಳಿಸಿದರು, ಇಸ್ತ್ರಿಯ ಅಂಗಿ ಹಾಕಿಸಿದರು, ತಮ್ಮ ಮನೆತನದಲ್ಲಿ ಹಿರಿಯರು ಹೋದಾಗ ಮಾಡುವ ಹಾಗೆ ಕೂಡಿಸಿದರು. ಮೈ ಬೀಳದ ಹಾಗೆ ಎದೆಗೆ ಸುತ್ತಿ ಕುರ್ಚಿಗೆ ಕಟ್ಟಿದ ಪಂಜೆ ಕೋಟಿನ ಮರೆಗಿತ್ತು. ಕನ್ನಡಕ ಇಲ್ಲದೆ ಮೋರೆ ಬೇರೆಯವರದಾಗಿ ಕಾಣುತ್ತದೆ ಎಂದು ಅದನ್ನೂ ಅವರೇ ಏರಿಸಿದರು. ಈಗ ಬೆಳಗಾವಿಗೆ ಫೋನು ಹಚ್ಚಲು ಪೋಸ್ಟಾಫೀಸಿಗೆ ಹೋಗಿದ್ದಾರೆ, ಕಾಡಪ್ಪ ಹೂವಿಗೆ ಹೋಗಿದ್ದಾನೆ. ಸಾವಂತ್ರೆವ್ವ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಕಡೆಗೆ ಅವನ ಕಡೆ ನೋಡದೆ, ಚಲೋ ಹಾಡಿದಿಯೋ ಎಂದಳು.

ಅವನು ಚಪ್ಪಲಿ ಬಿಟ್ಟಿರಲಿಲ್ಲ. ಅದು ಈಗ ನೆನಪಾಗಿ, ಹಿಂದೆ ಹೋಗಿ ಬಾಗಿಲಾಚೆ ಬಿಟ್ಟು ಬಂದ. ಮೈಯೊಳಗೆ ಏನೂ ಆಗುತ್ತಿರಲಿಲ್ಲ. ಕಾಗದದ ಸರದಲ್ಲಿ ಹಸಿರಾದ ಮೇಲೆ ಕೆಂಪು ಬರಬೇಕಾದಲ್ಲಿ ಎರಡು ಹಸಿರು ಒಟ್ಟಿಗೆ ಬಂದದ್ದು ಕಂಡಿತು. ಮೇಜಿನ ಮೇಲೆ ಟೇಪಿನ ಒಳಗೆ ಕ್ಯಾಸೆಟ್ ಇತ್ತು, ಗಾಜಿನ ಕಿಟಕಿಯಲ್ಲಿ ಅದರ ಎರಡು ಹಲ್ಲಿನ ಗಾಲಿಗಳು ಕಂಡವು. ಹಾಡಿದೆನಲ್ಲ. ಈ ಒಂದು ಶಬ್ದ ಎಲ್ಲಿಂದಲೋ ಬಂದು ಎದೆಗೆ ಬಡಿಯುವ ಮೊದಲು ಅವನು ಹಿರಾನೋನ ಬೂಟಿನ ಲಾಡಿ ಸರಿಯಾಗಿ ಕಟ್ಟಿಲ್ಲ ಎಂದು ನೋಡಿದ್ದ, ಬಗ್ಗಿ ಕಟ್ಟಿದ್ದ, ಕಾಲು ಇನ್ನೂ ಮೆತ್ತಗಿದೆ ಎಂದು ಬೆರಳಿಗೆ ತಿಳಿದಿತ್ತು. ಆಮೇಲೆ ಬಡಿಯಿತು. ಹೆಣದ ಮುಂದೆ ನಿಂತು, ಅಂಗಿ ಇಸ್ತ್ರಿ ಮಾಡಿಕೊಂಡು, ಗದ್ದ ಆಡಿಸಿ ಆಡಿಸಿ, ಒಂದು ಚರಣ ಪೂರಾ. ಗೊತ್ತಿರಲಿಲ್ಲ ಎಂದು ಒಳಗೆ ಯಾರಿಗೋ ಹೇಳಿದ. ಯಾರಿಗೆ ಎಂದು ಗೊತ್ತಿತ್ತು. ಮೊಣಕಾಲುಮಟ ನೀರಿನಲ್ಲಿ ನಿಂತವನಿಗೆ.

ಹಾಡು ಆರಿಸಿದ್ದು ಹದಿನೈದು ದಿನದ ಹಿಂದೆ. ಸಂಜೆ ಕೆಲಸ ಮುಗಿದು ಕೈಗೆ ಡೀಸೆಲ್ ಹಚ್ಚಿ ಎಣ್ಣೆ ಜಿಡ್ಡು ತೊಳೆಯುತ್ತಿದ್ದಾಗ ಹಿರಾನೋ ಶೆಡ್ಡಿನ ಒಳಗೆ ಟೇಪು ತಂದಿಟ್ಟ. ಇಬ್ಬರಿಗೂ ಸೇರಿ ಇದ್ದ ಭಾಷೆ ಸಣ್ಣದು: ಅವನ ಹರಕು ಹಿಂದಿ, ಇವನ ಹರಕು ಹಿಂದಿ, ಉಳಿದದ್ದು ಗೇರು, ಕ್ಲಚ್ಚು, ಬೆಲ್ಟು. ಕ್ಯಾಸೆಟ್ಟಿನ ಒಂದು ಮಗ್ಗಲಲ್ಲಿ ಅವರ ದೇಶದ ರೇಡಿಯೋದಲ್ಲಿ ಈಗ ಎಲ್ಲರೂ ಕೇಳುವ ಹಾಡುಗಳು. ಇನ್ನೊಂದು ಮಗ್ಗಲಲ್ಲಿ ಅವೇ ಹಾಡುಗಳು, ಆದರೆ ಹಾಡುವವರಿಲ್ಲ. ಬರೀ ವಾದ್ಯ. ದನಿ ಬರಬೇಕಾದ ಜಾಗ ಖಾಲಿ. ಯಂತ್ರ ಕೆಟ್ಟಿದೆ ಎಂದು ದುಂಡಪ್ಪ ತಿಳಿದು ಅದರ ಹೆಡ್ಡು ಒರೆಸಲು ಹೋದ. ಹಿರಾನೋ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಖಾಲಿ ಜಾಗದಲ್ಲಿ ಕೇಳುವವನೇ ಹಾಡಬೇಕು ಎಂದು ತಿಳಿಸಿ ಹೇಳಲು ಅವನಿಗೆ ಒಂದು ತಾಸು ಹಿಡಿಯಿತು. ಅವರ ಊರಿನ ಸಾರಾಯಿ ಅಂಗಡಿಗಳಲ್ಲಿ ಈಗ ಇಂಥ ಪೆಟ್ಟಿಗೆ ಇಟ್ಟಿದ್ದಾರಂತೆ. ಗುಮಾಸ್ತ, ಮೀನು ಮಾರುವವ, ಸಾಲಿ ಮಾಸ್ತರ, ಕಾರಖಾನೆಯ ಮಾಲಕ, ಸರದಿಯ ಮೇಲೆ ಎದ್ದು ಮೈಕು ಹಿಡಿದು ಹಾಡುತ್ತಾರಂತೆ. ಕೆಟ್ಟದಾಗಿ ಹಾಡಿದರೂ ಚಪ್ಪಾಳೆ. ಮಾಲಕ ಹಾಡಲಿಲ್ಲವೆಂದರೆ ಅವನನ್ನೇ ಆಡಿಕೊಳ್ಳುತ್ತಾರಂತೆ. ದುಂಡಪ್ಪ ಎರಡೆರಡು ಸಲ ಕೇಳಿದ, ಮಾಲಕನೂ? ಹಾಡಲಿಕ್ಕೆಂದೇ ಬೇರೆ ಮಂದಿ ಇಲ್ಲೇನು? ಹಿರಾನೋನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಆ ರಾತ್ರಿ ಮನೆಯಲ್ಲಿ ಉಣ್ಣುತ್ತ ಕೂತಾಗ ದುಂಡಪ್ಪನಿಗೆ, ಹಾಡುವುದು ಯಾರ ಕೆಲಸವೂ ಅಲ್ಲದ ಒಂದು ಊರು ಭೂಮಿಯ ಮೇಲೆ ಇದೆ ಎಂಬುದು ನುಂಗಿದ ತುತ್ತಿನ ಜೊತೆ ಒಳಗೆ ಇಳಿಯಲೊಲ್ಲದೆ ನಿಂತಿತ್ತು.

ಅದಕ್ಕೇ ಅವನು ಒಪ್ಪಿದ. ಅಪ್ಪ ಬೇಡ ಎಂದದ್ದು ಹೆಣದ ಮುಂದಿನ ಹಾಡು, ನಗುವವರ ಮುಂದಿನದಲ್ಲ. ಆರಿಸುವುದೇ ದೊಡ್ಡ ಕೆಲಸವಾಯಿತು. ಮೊದಲನೆಯದು ಕಿರಿ ಹುಡುಗಿಯರಿಬ್ಬರು ಹಾಡಿದ್ದು, ಮಾತುಗಳು ಕಣದಲ್ಲಿ ಕಡಲೆ ತೂರಿದ ಹಾಗೆ ಪಟಪಟ ಉದುರುತ್ತಿದ್ದವು. ಎರಡನೆಯದನ್ನು ಒಬ್ಬ ಗಂಡಸು ಬಹಳ ದುಃಖದಲ್ಲಿ ಶುರು ಮಾಡಿ ನಡುವೆ ಗುಡ್ಡ ಹತ್ತಿದ ಹಾಗೆ ಏರಿಸಿಬಿಡುತ್ತಿದ್ದ, ಅಲ್ಲಿಗೆ ಹೋದರೆ ದುಂಡಪ್ಪನ ಕೊರಳ ನರ ಉಬ್ಬಿ ಹಿರಾನೋ ಕೈ ಆಡಿಸಿ ಸಾಕು ಸಾಕು ಎನ್ನುತ್ತಿದ್ದ. ಸುಲಭದ ಹಾಡು ಗುರುತಿಸುವುದು ಹೇಗೆ ಎಂದು ಅವನೇ ಬೆರಳು ಮಡಚಿ ತೋರಿಸಿದ: ಮಾತು ಕಡಿಮೆ ಇರಬೇಕು, ಅವೇ ಮಾತು ತಿರುಗಿ ಬರಬೇಕು, ಸಾಲಿನ ನಡುವೆ ಉಸಿರು ಕಡಿಮೆ ಬೀಳಬಾರದು. ಕಡೆಯ ಬೆರಳು ಮಡಚುವಾಗ ನಕ್ಕು, ನಾಚಿಕೆಯಾದರೂ ನಡುವೆ ನಿಲ್ಲಿಸಲು ಮನಸ್ಸು ಬರಬಾರದು, ಅಂಥದ್ದು. ಐದನೆಯದೋ ಆರನೆಯದೋ ಹಾಗಿತ್ತು. ಮೆಲ್ಲಗಿನ ಹಾಡು. ಒಂದೊಂದು ಮಾತೂ ಬಾಯಿ ತೆರೆದೇ ಮುಗಿಯುತ್ತಿತ್ತು, ನಮ್ಮ ಮಾತಿನ ಹಾಗೆ. ಅದನ್ನು ಬೀಜದ ಚೀಲದ ಚೀಟಿಯ ಬೆನ್ನಿಗೆ ಕನ್ನಡದಲ್ಲಿ ಬರೆದುಕೊಂಡ. ಅರ್ಥ ಕೇಳಿದಾಗ ಹಿರಾನೋ ಮೇಲಿಂದ ಕೆಳಕ್ಕೆ ಬೆರಳು ಉದುರಿಸಿ ಮಂಜು ಬೀಳುವುದನ್ನು ತೋರಿಸಿದ, ಕೈಯಿಂದ ರೈಲು ಮಾಡಿದ, ಆಮೇಲೆ ಒಬ್ಬಳು ಮುದುಕಿಯ ಹಾಗೆ ಬೆನ್ನು ಬಗ್ಗಿಸಿ ಕೈ ಬೀಸಿದ. ಬೀಸುತ್ತ ಬೀಸುತ್ತ ಅವನ ಕಣ್ಣು ಒದ್ದೆಯಾಯಿತು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಕಣ್ಣನ್ನಲ್ಲ, ಕನ್ನಡಕವನ್ನು ಒರೆಸಿಕೊಂಡ.

ಒಂಬತ್ತೂವರೆಗೆ ಹಣಮಂತಪ್ಪ ಸಾಹೇಬರು ಬಂದರು. ಹಣೆಯ ವಿಭೂತಿ ಬೆವರಿಗೆ ಕದಡಿ ಹುಬ್ಬಿಗೆ ಇಳಿದಿತ್ತು. ಭಾರದ ಮನುಷ್ಯ, ಕೆಟ್ಟವರಲ್ಲ. ಸಿಟ್ಟು ಬಂದರೆ ಫೈಲಿನ ಮೇಲೆ ಬಡಿಯುವವರೇ ಹೊರತು ಆಳಿನ ಮೇಲೆ ಅಲ್ಲ. ಬೆಳಗಾವಿಯಿಂದ ಜೀಪು ಬರುತ್ತದೆ, ನಾಕು ಗಂಟೆ ಆಗಬಹುದು, ಅಲ್ಲಿಂದ ಮುಂಬಯಿಗೆ, ಅಲ್ಲಿಂದ ಅವರ ದೇಶಕ್ಕೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಫೌಜದಾರ ಬಂದು ಪಂಚನಾಮೆ ಬರೆದುಕೊಂಡು ಹೋದ. ಕಲಿಯಲು ಬಂದಿದ್ದ ರೈತರು ಒಬ್ಬೊಬ್ಬರಾಗಿ ಬಂದು ದೂರದಿಂದಲೇ ಕೈ ಮುಗಿದರು. ಇವರಲ್ಲಿ ಹೂಳತಾರೋ ಸುಡತಾರೋ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡರು. ದುಂಡಪ್ಪನಿಗೆ ಗೊತ್ತಿತ್ತು. ಹಿರಾನೋ ಒಮ್ಮೆ ಅವನ ಮನೆಗೆ ಬಂದಾಗ ಗೋಡೆಯ ಬುದ್ಧನ ಪಟ ನೋಡಿ ನಿಂತಲ್ಲೇ ನಿಂತು, ತನ್ನ ಪಾಕೀಟಿನಿಂದ ಉಗುರಿನಷ್ಟು ಸಣ್ಣ ಪಟ ತೆಗೆದು ತೋರಿಸಿದ್ದ. ಬಾಯವ್ವ ಆ ದಿವಸದಿಂದ ಅವನನ್ನು ಸಾಹೇಬ ಅನ್ನುವುದು ಬಿಟ್ಟು ಅಣ್ಣಾರು ಎನ್ನತೊಡಗಿದ್ದಳು. ಮಲಗಿಸಿ ಸುಡುತ್ತಾರೆ, ಇವರನ್ನು ಕೂಡಿಸುವುದಿಲ್ಲ. ಇದನ್ನು ಹೇಳಬೇಕೆಂದು ಅವನು ಎಂಟು ಗಂಟೆಯಿಂದ ಬಾಯಲ್ಲಿ ಇಟ್ಟುಕೊಂಡಿದ್ದ. ಹೇಳಿದರೆ, ನಿನಗ ಹೆಂಗ ಗೊತ್ತು ಎಂದು ಕೇಳುವರು, ಆಗ ಪಟದ ಮಾತು ಬರುವುದು, ಮನೆಯ ಮಾತು ಬರುವುದು. ಅಷ್ಟೇ ಅಲ್ಲ. ಬಾಯಿ ತೆರೆದರೆ ಮುಂಜಾನೆಯ ಚರಣ ಹೊರಗೆ ಬಿದ್ದೀತು ಎಂದು ಅಂಜಿಕೆ. ಹತ್ತಾಯಿತು, ಹನ್ನೊಂದಾಯಿತು. ಹನ್ನೆರಡರ ಸುಮಾರು, ಕೈ ಕುರ್ಚಿಯ ತೋಳಿನ ಮೇಲಿಂದ ಜಾರಿದ್ದನ್ನು ನೋಡಿ ಸರಿಯಾಗಿ ಇಡಲು ಹೋದ ಕಾಡಪ್ಪ ತಟ್ಟನೆ ಹಿಂದೆ ಸರಿದ. ಕೈ ಮಣಿಯಲಿಲ್ಲ. ಮೊಣಕಾಲೂ ಇಲ್ಲ. ಕುರ್ಚಿಯ ಆಕಾರಕ್ಕೆ ಇಡೀ ಮನುಷ್ಯ ಬಿಗಿದು ಕೂತಿದ್ದ.

ಡಾಕ್ಟರಿಗೆ ಮತ್ತೆ ಆಳು ಓಡಿತು. ನಾಳೆ ಮುಂಜಾನೆ ಮತ್ತೆ ಸಡಿಲ ಆಗತೈತಿ, ಜೋರ ಮಾಡಬ್ಯಾಡ್ರಿ, ಕುಂತಂಗ ಜೀಪಿನಾಗ ಒಯ್ಯರಿ ಎಂದು ಅವರು ಚೀಟಿ ಬರೆದು ಕಳಿಸಿದರು. ಚೀಟಿ ಓದಿ ಸಾಹೇಬರು ಅದನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಿಕೆ ಮಾಡಿದರು. ತಾವು ಮರ್ಯಾದೆ ಎಂದು ಮಾಡಿದ್ದು ಹೀಗಾಯಿತಲ್ಲ ಎಂಬುದು ಅವರ ಮೋರೆಯ ಮೇಲೆ ಇತ್ತು. ಆದರೆ ದುಂಡಪ್ಪನ ಕಣ್ಣಿಗೆ ಆ ಮೋರೆ ಕಾಣಲಿಲ್ಲ. ಅವನು ಮತ್ತೆ ಹುಡುಗನಾಗಿ ಮುನವಳ್ಳಿಯ ತಮ್ಮ ಹಳೆಯ ಗುಡಿಸಲಿನ ಹೊಸ್ತಿಲಲ್ಲಿ ನಿಂತಿದ್ದ. ಅವ್ವನ ತೊಡೆಯ ಮೇಲೆ ತಂಗಿ ರಾಮವ್ವ, ನಾಲ್ಕು ವರ್ಷದವಳು, ಮುಂಜಾನೆ ವಾಂತಿಯಿಂದ ಸತ್ತಿದ್ದಳು. ಅದೇ ಹೊತ್ತಿಗೆ ದೊಡ್ಡ ಮನೆಯಿಂದ ಕರೆ ಬಂತು, ಅಲ್ಲಿಯ ಮುದುಕಿ ತೀರಿಕೊಂಡಿದ್ದಾಳೆ, ಹಲಗಿ ತಗೊಂಡು ಮಗನನ್ನು ಕರಕೊಂಡು ಬಾ, ಅವನ ಕೊರಳು ಚಲೋ ಐತಿ. ನಮ್ಮ ಮನ್ಯಾಗೂ ಸಾವಾಗೇತಿ ಎಂದು ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಹಲಗಿಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿದ. ಹುಡುಗ ದಾರಿಯುದ್ದಕ್ಕೂ ಹಾಡಿದ, ಮಂದಿ ತಲೆದೂಗಿದರು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದಾಗ ಅವ್ವ ಕೂತಲ್ಲೇ ಕೂತಿದ್ದಳು, ರಾಮವ್ವ ತೊಡೆಯ ಆಕಾರಕ್ಕೆ ಬಾಗಿ ಬಿಗಿದಿದ್ದಳು. ಬಿಚ್ಚಲು ನೋಡಿದರು, ಆಗಲಿಲ್ಲ. ಹಾಗೇ, ಬಾಗಿದ ಹಾಗೇ ಹೂಳಿದರು. ಅವಳ ಮುಂದೆ ಯಾರೂ ಹಾಡಲಿಲ್ಲ. ಹುಡುಗನಿಗೆ ಗಂಟಲು ಉಳಿದಿರಲಿಲ್ಲ. ಬಿಗಿಯುತ್ತದೆ ಎಂದು ಇಡೀ ಕೇಂದ್ರದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ತನಗೆ. ಬೂಟಿನ ಲಾಡಿ ಕಟ್ಟುವಾಗ ಮೆತ್ತಗಿತ್ತು. ಒಂದು ಮಾತು ಅಂದಿದ್ದರೆ ಸಾಕಿತ್ತು. ಹಾಡಬಾರದಲ್ಲಿ ಹಾಡಿದ ಬಾಯಿ ಆಡಬೇಕಾದಲ್ಲಿ ಆಡಲಿಲ್ಲ.

ಒಲೆ ಹೊತ್ತಿರಲಿಲ್ಲ. ಎರಡು ಗಂಟೆಗೆ ಹಸಿವೆ ಬಂದಾಗ ಅವನಿಗೆ ತನ್ನ ಹೊಟ್ಟೆಯ ಮೇಲೆಯೇ ಹೇಸಿಕೆ ಬಂತು. ಶೆಡ್ಡಿನ ಹಿಂದೆ ಹೋಗಿ ಕಿಸೆಯಲ್ಲಿದ್ದ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡ. ಅಗಿಯುವ ಸದ್ದು ತಲೆಯೊಳಗೆ ದೊಡ್ಡದಾಗಿ ಕೇಳಿಸಿತು. ಅಲ್ಲಿ ಹಿರಾನೋ ಕಡೆಯದಾಗಿ ಬಿಚ್ಚಿಟ್ಟ ಯಂತ್ರ ಇತ್ತು. ನಟ್ಟು ಬೋಲ್ಟು ಎಲ್ಲ ಹಳೆಯ ಪೇಪರಿನ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಿದ್ದ, ಮತ್ತೆ ಕೂಡಿಸಲು ಅನುಕೂಲವಾಗಲಿ ಎಂದು. ಗೊತ್ತಿಲ್ಲದೆ ಮಾಡಿದ್ದು ಮಾಡಿದ ಲೆಕ್ಕಕ್ಕೆ ಬರುತ್ತದೋ? ಹೆಣ ಎಂದು ಗೊತ್ತಿದ್ದು ಹಾಡಿದರೆ ತಾನೆ ಹೆಣದ ಮುಂದೆ ಹಾಡಿದ ಹಾಗೆ. ತಾನು ಹಾಡಿದ್ದು ಹಿರಾನೋನ ಮುಂದೆ. ಅವನು ಆಗ ಇದ್ದ. ತನ್ನ ಮಟ್ಟಿಗೆ ಆ ಚರಣ ಮುಗಿಯುವ ತನಕ ಇದ್ದ, ನೊಣ ಬಂದ ಮೇಲೆಯೇ ಸತ್ತ. ಹೀಗೆ ಯೋಚಿಸಿದಾಗ ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆ, ವಕೀಲರ ಹಾಗೆ ಮಾತಾಡುತ್ತಿದ್ದೇನೆ ಎನ್ನಿಸಿತು. ಅಪ್ಪ ಕೋರ್ಟು ಕಂಡವನಲ್ಲ. ಅಪ್ಪ ಕೇಳಿದ್ದು ಒಂದೇ, ನಿನ್ನ ಬಾಯಿಂದ ಬರಬಾರದು ಎಂದು. ಬಂತೋ ಇಲ್ಲವೋ? ಬಂತು. ಇನ್ನೊಂದು ಸಲ ಯಾರಾದರೂ ಕೇಳಿ, ತಾನು ತಿಳಿದೂ ತಿಳಿದೂ ಒಲ್ಲೆ ಎಂದರೆ ಮಾತ್ರ ಮುಂಜಾನೆಯದು ತಪ್ಪಿ ಆದದ್ದು ಎಂದು ಮುಚ್ಚಿಹೋದೀತು. ಹಾಗೆ ಅಂದುಕೊಂಡದ್ದೇ ತಡ, ಯಾರೂ ಕೇಳದಿರಲಿ ಎಂದು ಮನಸ್ಸು ಬೇಡಿಕೊಂಡಿತು. ಏಕೆಂದರೆ ಆ ಹಾಡು ಒಳಗೆ ಎರಡನೆಯ ಚರಣಕ್ಕೆ ಬಂದು ನಿಂತಿತ್ತು, ಮುಂಜಾನೆಯಿಂದಲೂ ಅಲ್ಲೇ ನಿಂತಿತ್ತು, ಹೊರಗೆ ಬರಲು ದಾರಿ ಕಾಯುತ್ತಿತ್ತು.

ಜೀಪು ಮೂರೂವರೆಗೇ ಬಂತು. ಡ್ರೈವರು ಒಳಗೆ ಇಣುಕಿ, ಕುರ್ಚಿ ನೋಡಿ, ಹೊರಗೆ ಹೋಗಿ ಬೀಡಿ ಹಚ್ಚಿದ. ಎಲ್ಲರೂ ಹಾಲಿನಲ್ಲಿ ಕೂಡಿದರು. ರೈತರು ಬೆಂಚಿನ ಮೇಲೆ ಕೂಡಲೊಲ್ಲದೆ ಗೋಡೆಗುಂಟ ನಿಂತರು. ಚೆಂಡು ಹೂವಿನ ಮಾಲೆ ಕೋಟಿನ ಮೇಲೆ ಬಿದ್ದಾಗ ಕೆಲವು ಎಸಳು ಹಿರಾನೋನ ತೊಡೆಯ ಮೇಲೆ ಉದುರಿದವು. ಕಾಗದದ ಸರಗಳನ್ನು ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಸಾಹೇಬರು ಎರಡು ಮಾತು ಆಡಿದರು. ಆಮೇಲೆ ದುಂಡಪ್ಪನ ಹತ್ತಿರ ಬಂದು, ಅವನ ತೋಳು ಮುಟ್ಟಿದರು. ಅವರು ಅವನನ್ನು ಹಿಂದೆಂದೂ ಮುಟ್ಟಿರಲಿಲ್ಲ. ಅದು ಅವನಿಗೂ ಅವರಿಗೂ ಒಂದೇ ಗಳಿಗೆಯಲ್ಲಿ ತಿಳಿಯಿತು.

"ದುಂಡಪ್ಪಾ, ಅವರ ಭಾಷಾದಾಗ ಒಂದ ಮಾತರೆ ಅವರ ಕಿವಿಗೆ ಬಿದ್ದು ಹೋಗಲಿ. ಇಲ್ಲಿ ಬಲ್ಲಾವ ನೀ ಒಬ್ಬಾವ. ಹಾಡಪಾ. ಹೆಂಗಿದ್ರೂ ನಿಮ್ಮ ಮನಿತನದಾಗ ನಡದ ಬಂದದ್ದ ಐತಲ್ಲ."

ಕಡೆಯ ಮಾತನ್ನು ಅವರು ಮೆಚ್ಚಿಯೇ ಹೇಳಿದ್ದರು, ಅದರಲ್ಲಿ ಮುಳ್ಳಿರಲಿಲ್ಲ. ಮುಳ್ಳಿದ್ದರೆ ಸುಲಭವಿತ್ತು. ದುಂಡಪ್ಪ "ಆಗೂದಿಲ್ರಿ ಸಾಹೇಬ್ರ" ಎಂದ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ದುಃಖದ ಮಾತು ಎಂದು ತಿಳಿದರೋ. ಮೇಜಿನ ಹತ್ತಿರ ಹೋಗಿ, ಕ್ಯಾಸೆಟ್ ತೆಗೆದು ತಿರುವಿ ನೋಡಿ, ದನಿ ಇಲ್ಲದ ಮಗ್ಗಲನ್ನು ಮೇಲೆ ಮಾಡಿ ಹಾಕಿ, ದಪ್ಪ ಬೆರಳಿನಿಂದ ಗುಂಡಿ ಒತ್ತಿದರು. ನಿನ್ನೆ ಕಡೆಯ ತಾಲೀಮು ಮುಗಿಸಿ ಹಿರಾನೋ ಅದನ್ನು ಹಾಡಿನ ಬುಡಕ್ಕೆ ತಂದು ನಿಲ್ಲಿಸಿಟ್ಟಿದ್ದ. ಮೊದಲು ಬರೀ ಸರಸರ. ಆಮೇಲೆ ತಂತಿ ವಾದ್ಯದ ಉದ್ದನೆಯ ಎಳೆತ, ಅದರ ಹಿಂದೆ ಮೆಲ್ಲಗೆ ಹೆಜ್ಜೆ ಹಾಕುವ ತಾಳ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಹಿರಾನೋನ ಕಡೆ ನೋಡಿದ. ಗದ್ದಕ್ಕೆ ಪಟ್ಟಿ ಬಿಗಿದಿತ್ತು, ಅದು ಮೂರು ಸಲ ಆಡಲಿಲ್ಲ. ಆದರೂ ಜಾಗ ಬಂತು. ದನಿ ಬರಬೇಕಾದ ಜಾಗ ಬಾಗಿಲು ತೆರೆದ ಹಾಗೆ ತೆರೆಯಿತು. ಅವನ ಹೊಟ್ಟೆ ತಾನಾಗಿಯೇ ಉಸಿರು ತುಂಬಿಕೊಂಡಿತು, ನಾಲಗೆ ಮೊದಲ ಮಾತಿಗೆ ಏರಿ ಅಂಗುಳಕ್ಕೆ ತಾಗಿತು. ಹಾಡಿದರೆ ಒಬ್ಬ ಮನುಷ್ಯ ತನ್ನವರ ಮಾತು ಕೇಳಿ ಹೋಗುತ್ತಾನೆ. ಇಷ್ಟು ದೂರದ ಊರಿನಲ್ಲಿ, ತನ್ನ ದೇಶದ ಒಂದು ಸೊಲ್ಲು ಬಲ್ಲ ಒಬ್ಬನೇ ಒಬ್ಬ ನಾಲ್ಕು ಮೊಳ ಆಚೆ ನಿಂತಿದ್ದಾಗ, ಅವನು ಬಾಯಿ ಮುಚ್ಚಿ ನಿಂತ ಎಂದರೆ? ಇತ್ತ ಹಾಡಿದರೆ ಮುಂಜಾನೆಯದು ತಪ್ಪಲ್ಲ, ಅದೇ ಶುರು. ಸಾವಾದಲ್ಲಿಗೆ ಶಟ್ಟೆಪ್ಪನ ಮಗನನ್ನು ಕರೆಯಿರಿ, ಅವನ ಕೊರಳು ಚಲೋ ಐತಿ ಎಂದು ನಾಳೆಯಿಂದ ಮತ್ತೆ ಕರೆ ಬಂದೀತು. ಅವನು ಹಲ್ಲಿಗೆ ಹಲ್ಲು ಒತ್ತಿದ. ಉಸಿರು ಒಳಗೇ ನಿಂತಿತು. ಮೊದಲ ಸಾಲಿನ ಜಾಗ ಖಾಲಿಯಾಗಿಯೇ ದಾಟಿತು, ಎರಡನೆಯದರದೂ. ವಾದ್ಯ ಯಾರನ್ನೂ ಕಾಯಲಿಲ್ಲ. ಸಾವಂತ್ರೆವ್ವ ಹಿಂದಿನಿಂದ, ಮುಂಜಾನಿ ಹಾಡಿದೆಲ್ಲೋ ತಮ್ಮಾ, ಈಗ್ಯಾಕ ಹಿಂಗ ಎಂದು ಮೆಲ್ಲಗೆ ಅಂದಳು. ಮೆಲ್ಲಗೆ ಅಂದದ್ದು ಹಾಲಿನ ಆಚೆಯ ಗೋಡೆಯ ತನಕ ಹೋಯಿತು.

ಆಗ ಹಣಮಂತಪ್ಪ ಸಾಹೇಬರು ಹಾಡತೊಡಗಿದರು. ಹಾಡು ಎಂದರೆ ಹಾಡಲ್ಲ, ಅವರಿಗೆ ಮಾತು ಒಂದೂ ಬರುತ್ತಿರಲಿಲ್ಲ. ಹದಿನೈದು ದಿನ ಆಫೀಸಿನ ಕಿಟಕಿಯಿಂದ ಕಿವಿಗೆ ಬಿದ್ದ ಧಾಟಿಯನ್ನು ಬಾಯಿ ಮುಚ್ಚಿಕೊಂಡು ಹೂಂ ಹೂಂ ಎಂದು ಎಳೆಯುತ್ತಿದ್ದರು, ಅದೂ ಒಂದು ಹೆಜ್ಜೆ ಹಿಂದೆ ಬಿದ್ದು, ಅಲ್ಲಲ್ಲಿ ಜಾರಿ. ಅರವತ್ತು ಮಂದಿಯ ಮುಂದೆ, ಅವರ ಮನೆತನದಲ್ಲಿ ಯಾರೂ ಎಂದೂ ಮಾಡದ ಕೆಲಸ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಕೋಟಿನ ಗುಂಡಿ ತಿರುವುತ್ತಿದ್ದರು. ಕಣ್ಣಿನ ನೀರು ಕೆನ್ನೆಗೆ ಇಳಿದ ವಿಭೂತಿಯ ಮೇಲೆ ಹಾದು ಮೀಸೆಗೆ ಇಳಿಯುತ್ತಿತ್ತು. ಯಾರೂ ನಗಲಿಲ್ಲ. ಗೋಡೆಗುಂಟ ನಿಂತವರಲ್ಲಿ ಒಬ್ಬ ರೈತ ಅವರ ಜೊತೆಗೆ ಹೂಂಗುಟ್ಟಿದ, ಇನ್ನೊಬ್ಬ ಸೇರಿದ. ದುಂಡಪ್ಪ ಅವರನ್ನೇ ನೋಡಿದ. ನನಗೆ ಅಪ್ಪಣೆ ಕೊಟ್ಟರು ಎಂದು ತಿಳಿದಿದ್ದೆನಲ್ಲ, ಈ ಮನುಷ್ಯ ಬೇಡಿಕೊಂಡದ್ದಾಗಿತ್ತೆ? ಈಗಲಾದರೂ ಸೇರಬಹುದಿತ್ತು. ಹತ್ತು ದನಿಯಲ್ಲಿ ಒಂದು ದನಿ, ಯಾರದೆಂದು ಅಪ್ಪನಿಗೂ ತಿಳಿಯುತ್ತಿರಲಿಲ್ಲ. ಅವನಿಗೆ ಮಾತುಗಳು ಗೊತ್ತಿದ್ದವು, ಮಂಜು, ರೈಲು, ಕೈ ಬೀಸುವ ಮುದುಕಿ, ಎಲ್ಲ ಸಾಲಾಗಿ ಇದ್ದವು. ಬಾಯಿ ಬಿಗಿದಿತ್ತು. ತಾನು ಬಿಗಿಹಿಡಿದದ್ದೋ, ತಾನಾಗಿ ಬಿಗಿದದ್ದೋ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಹಾಡು ಮುಗಿಯಿತು. ಮುಂದಿನ ಹಾಡು, ಆ ಕಿರಿ ಹುಡುಗಿಯರ ಇನ್ನೊಂದು ಪಟಪಟ ಹಾಡಿನ ವಾದ್ಯ, ಜೋರಾಗಿ ಶುರುವಾಯಿತು. ಸಾಹೇಬರು ಗಾಬರಿಯಾಗಿ ಬೇರೆ ಬೇರೆ ಗುಂಡಿ ಒತ್ತಿದರು. ಕಡೆಗೆ ದುಂಡಪ್ಪ ಹೋಗಿ ನಿಲ್ಲಿಸಿದ. ನಾಲ್ಕು ಜನ ಕುರ್ಚಿ ಎತ್ತಿದರು. ಹಿರಾನೋನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂಡಿಸಿ, ಎರಡೂ ಮಗ್ಗಲಿಗೆ ದಿಂಬು ಕೊಟ್ಟು, ಪಂಜೆಯಿಂದ ಕಟ್ಟಿದರು. ಪಕ್ಕದಲ್ಲಿ ಸಾಹೇಬರು ಕೂತರು, ಅವನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಅವರು ದುಂಡಪ್ಪನ ಕಡೆ ನೋಡಲಿಲ್ಲ. ಜೀಪು ಕಾಲುವೆಯ ಏರಿ ಹತ್ತುವಾಗ ಹಿಂದಿನಿಂದ ಇಬ್ಬರು ಪ್ರವಾಸಿಗಳ ತಲೆ ಕಂಡ ಹಾಗೆ ಕಂಡಿತು, ಒಂದು ಅಲುಗುತ್ತಿತ್ತು, ಒಂದು ಇಲ್ಲ.

ದುಂಡಪ್ಪ ಹಾಡಲಿಲ್ಲ. ಅಪ್ಪನಿಗೆ ಕೊಟ್ಟ ಮಾತು ಮುಂಜಾನೆ ಎಂಟು ಗಂಟೆಗೇ ಮುರಿದಿತ್ತು.